ಚಿತಾಗಾರದ ಗಿಟಾರು

ತಂತಿ ಚಿತಾಗಾರದಲ್ಲಿ ಕೆಲಸಕ್ಕೆ ಸೇರಿದ್ದು ಅಕ್ಕನ ದೆಸೆಯಿಂದ. ಕೈಯಲ್ಲಿ ಗಿಟಾರು, ಮೈಯೂ ತಂತಿಯ ಹಾಗೆ ಸಣಕಲು. ಗೇಟಿನ ಕಾವಲುಗಾರ ಮೊದಲ ದಿನವೇ ಆ ಅಡ್ಡಹೆಸರು ಅಂಟಿಸಿಬಿಟ್ಟ. ಅದಕ್ಕೆ ಮುಂಚೆ ಅವನು ಒಂದು ಹೋಟೆಲಿನ ಮೂಲೆಯಲ್ಲಿ ಕೂತು ಊಟಕ್ಕೆ ಬಂದವರಿಗಾಗಿ ನುಡಿಸುತ್ತಿದ್ದ. ಹೋಟೆಲು ಬಾಗಿಲು ಹಾಕಿತು. ಮನೆಯಲ್ಲಿ ಗೋಡೆ ನೋಡುತ್ತ ಕೂತ ತಮ್ಮನನ್ನು ಅಕ್ಕ ಸ್ವಲ್ಪ ದಿನ ಸಹಿಸಿಕೊಂಡಳು. ಆಮೇಲೊಂದು ದಿನ ಕೆಲಸದಿಂದ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು:

"ಲೋ ಮರಿ, ನಮ್ಮಲ್ಲಿ ಗಿಟಾರ್ ಬಾರಿಸೋಕೆ ಒಬ್ರು ಬೇಕಂತೆ. ಬರ್ತೀಯಾ?"

"ನಿಮ್ಮಲ್ಲಾ? ಹೆಣದ ಮುಂದೆ ಬಾರಿಸ್ಬೇಕಾ?"

"ಹೆಣ ಏನೂ ತಪ್ಪು ಹುಡುಕಲ್ಲ ಬಿಡು. ನಿನ್ನ ಹೋಟೆಲ್ ಗಿರಾಕಿಗಳಿಗಿಂತ ವಾಸಿ."

ಅಕ್ಕನ ಮಾತೇ ಹಾಗೆ. ತಾಯಿ ತೀರಿಕೊಂಡಾಗ ತಮ್ಮನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅವನಿಗೆ ತಲೆ ಬಾಚಿ, ಬೈದು, ಉಣ್ಣಿಸಿ ಬೆಳೆಸಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಒಂದು ಮಗು ಸಾಕಿದ್ದಾಯ್ತಲ್ಲ, ಇನ್ನೇನು" ಎಂದು ನಗೆಯಲ್ಲೇ ಮುಗಿಸುತ್ತಿದ್ದಳು. ಚಿತಾಗಾರದಲ್ಲಿ ಅವಳದು ಪರದೆಯ ಹಿಂದಿನ ಕೆಲಸ. ದೇಹವನ್ನಿಟ್ಟ ಗಾಡಿ ಹಳಿಯ ಮೇಲೆ ಒಳಗೆ ಬಂದಮೇಲೆ ಕಬ್ಬಿಣದ ಬಾಗಿಲು ಹಾಕುವುದು, ಗುಂಡಿ ಒತ್ತುವುದು, ಉರಿ ನೋಡಿಕೊಳ್ಳುವುದು, ಆರಿದ ಮೇಲೆ ಬೂದಿ ಎತ್ತಿ ಮನೆಯವರಿಗೆ ಕೊಡುವುದು. ಕೆಲಸಗಾರರ ಬಾಯಲ್ಲಿ ಅದು ಬರೀ 'ಒಲೆ'. "ಒಲೆ ಮುಂದೆ ಜನ್ಮ ಸವೆಸ್ತೀಯ ಅಂತ ದೇವ್ರು ಹಣೇಲಿ ಬರೆದಿದ್ದ, ಯಾವ ಒಲೆ ಅಂತ ಬರೆಯೋದು ಮರೆತುಬಿಟ್ಟಿದ್ದಾನೆ" ಎಂದು ಅವಳು ಹೇಳುತ್ತಿದ್ದಳು.

ಅಲ್ಲಿ ಸಂಗೀತ ಬೇಕಾಗಿದ್ದು ಮೋಟಾರಿನ ಕಾರಣಕ್ಕೆ. ಒಲೆಗೆ ಗಾಳಿ ಊದುವ ಮೋಟಾರು ಪರದೆಯ ಆಚೆಗೇ ಇತ್ತು. ಗುಂಡಿ ಒತ್ತಿದರೆ ಮೊದಲು ಒಂದು ಗುಟುರು, ಆಮೇಲೆ ಏರುತ್ತ ಏರುತ್ತ ಹೋಗುವ ಒಂದು ಹೂಂಕಾರ. ಸಭಾಂಗಣದಲ್ಲಿ ತಲೆತಗ್ಗಿಸಿ ನಿಂತವರಿಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಗಿಬಿಡುತ್ತಿತ್ತು. ಎಷ್ಟೋ ಜನ ಕುಸಿದು ಬೀಳುತ್ತಿದ್ದರು. ಮ್ಯಾನೇಜರು ಮೊದಲು ರೆಕಾರ್ಡ್ ಹಾಕಿಸುತ್ತಿದ್ದರು. ಒಮ್ಮೆ ಅದು ನಡುವೆ ಸಿಕ್ಕಿಕೊಂಡು ಒಂದೇ ಚೂರನ್ನು ಮತ್ತೆ ಮತ್ತೆ ಒದರಿ ಸತ್ತವರ ಮನೆಯವರಿಂದ ಬೈಸಿಕೊಂಡ ಮೇಲೆ, ಜೀವಂತ ಮನುಷ್ಯನೇ ಆಗಲಿ ಎಂದು ತೀರ್ಮಾನಿಸಿದ್ದರು.

ತಂತಿಯ ಗಿಟಾರು ಒಳ್ಳೆಯ ಮರದ್ದು. ಎದೆಗೆ ಅವುಚಿಕೊಂಡು ಒಂದು ತಂತಿ ಮೀಟಿದರೆ ದನಿ ಮೊದಲು ಪಕ್ಕೆಲುಬಿಗೆ ತಾಗಿ ಆಮೇಲೆ ಕಿವಿಗೆ ಬರುತ್ತಿತ್ತು. ಬೆರಳ ತುದಿಯಲ್ಲಿ ಮೀಟಿದರೆ ಒಂದು ಬಣ್ಣ, ಉಗುರಲ್ಲಿ ಮೀಟಿದರೆ ಇನ್ನೊಂದು. ಆದರೆ ಆ ಸಭಾಂಗಣದ ಎತ್ತರದ ಸೂರಿನ ಕೆಳಗೆ ಅದರ ದನಿ ಮುಂದಿನ ಸಾಲು ದಾಟುತ್ತಿರಲಿಲ್ಲ. ಮೋಟಾರು ಶುರುವಾದರೆ ಅವನಿಗೇ ಕೇಳಿಸುತ್ತಿರಲಿಲ್ಲ.

"ಸ್ಪೀಕರಿಗೆ ಕೊಡೋ ವ್ಯವಸ್ಥೆ ಮಾಡ್ಕೊಳ್ಳಿ" ಎಂದರು ಮ್ಯಾನೇಜರು.

ಗಿಟಾರಿಗೆ ಪಿಕಪ್ ಹಾಕಿಸಬೇಕು ಎಂದು ಅವನು ಮನೆಯಲ್ಲಿ ಹೇಳಿದಾಗ ಅಕ್ಕ ಕಣ್ಣರಳಿಸಿದಳು. "ಪಿಕಪ್ ಅಂದ್ರೆ ಸಾಮಾನು ಹೊರೋ ಗಾಡಿ ಅಲ್ವೇನೋ?"

"ಇದೂ ಹೊರೋದೇ ಅಕ್ಕಾ. ಗಿಟಾರಿನ ದನಿ ಹೊತ್ಕೊಂಡು ಹೋಗಿ ಸ್ಪೀಕರಿಗೆ ಹಾಕತ್ತೆ."

ವಾದ್ಯ ರಿಪೇರಿ ಮಾಡುವ ಮುದುಕನೊಬ್ಬ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಮೇಜು, ಸೂರಿನಿಂದ ನೇತುಬಿದ್ದ ಕತ್ತು ಮುರಿದ ವಾದ್ಯಗಳು. ತಂತಿಗಳ ಕೆಳಗಿನ ದುಂಡನೆಯ ಬಾಯಿಗೆ ಅಡ್ಡಲಾಗಿ ಕೂರುವ ಆಯಸ್ಕಾಂತದ ಪಟ್ಟಿಯೊಂದನ್ನು ಅವನು ತೋರಿಸಿದ. ಮರಕ್ಕೆ ತೂತು ಕೊರೆಯುವ ಗೋಜಿಲ್ಲ, ಬೇಡವೆಂದರೆ ತೆಗೆದಿಡಬಹುದು.

"ಆದ್ರೆ ಒಂದ್ಮಾತು. ಇದಕ್ಕೆ ಗೊತ್ತಾಗೋದು ಉಕ್ಕಿನ ತಂತಿ ಅಲುಗಿದ್ದು ಮಾತ್ರ. ಪೆಟ್ಟಿಗೆ ಏನು ಹೇಳ್ತಿದೆ ಅಂತ ಇದಕ್ಕೆ ಕಿವಿ ಇಲ್ಲ" ಎಂದ ಮುದುಕ.

ಅದು ನಿಜವೇ ಆಗಿತ್ತು. ದನಿ ಸ್ಪೀಕರಿನಿಂದ ದುಂಡಗೆ, ನುಣ್ಣಗೆ, ಮರದ ವಾಸನೆಯೇ ಇಲ್ಲದೆ ಬಂತು. ಹೇಗೋ ನಡೆದೀತು ಎಂದುಕೊಂಡ. ಆದರೆ ಮೊದಲ ದೇಹ ಒಳಗೆ ಹೋಗಿ ಅಕ್ಕ ಗುಂಡಿ ಒತ್ತಿದ್ದೇ ತಡ, ಸ್ಪೀಕರುಗಳೆಲ್ಲ ಗುಂಯ್ ಎಂದವು. ಮೋಟಾರಿನ ಕರೆಂಟನ್ನೇ ಆ ಆಯಸ್ಕಾಂತ ಎಳೆದುಕೊಂಡು ಬಂದು ಜನರ ತಲೆಯ ಮೇಲೆ ಸುರಿಯಿತು. ಮುಚ್ಚಿಡಬೇಕಾದ ಶಬ್ದವನ್ನೇ ಅವನು ಊರಿಗೆಲ್ಲ ಹಂಚಿದ ಹಾಗಾಯಿತು. ಸತ್ತವನ ತಂಗಿ ಕಿವಿ ಮುಚ್ಚಿಕೊಂಡು ಹೊರಗೆ ಓಡಿದಳು.

ಮುದುಕ ಪಟ್ಟಿಯನ್ನು ಬಿಚ್ಚಿ, ಸೊಪ್ಪಿನ ಕಡ್ಡಿಯಷ್ಟು ತೆಳ್ಳಗಿನ, ಬಾಗುವ ಕೋಲಿನ ತುದಿಗಿದ್ದ ಪುಟ್ಟ ಮೈಕನ್ನು ಗಿಟಾರಿನ ಹೊಟ್ಟೆಯೊಳಗೆ ಕೂರಿಸಿದ. "ಇದಕ್ಕಿಂತ ನಿಜವಾದ್ದು ಇನ್ನೊಂದಿಲ್ಲ. ಗಿಟಾರು ಹೇಗಿದೆಯೋ ಹಾಗೇ ಕೇಳ್ಸುತ್ತೆ. ಆದ್ರೆ ಇದಕ್ಕೆ ಭೇದಭಾವ ಇಲ್ಲ. ಯಾರು ಏನು ಮಾತಾಡಿದ್ರೂ ಕೇಳಿಸ್ಕೊಳ್ಳುತ್ತೆ. ಸ್ಪೀಕರು ದೂರ ಇರಲಿ, ದನಿ ಕಮ್ಮಿ ಇರಲಿ."

ಮರುದಿನ ಸಭಾಂಗಣದಲ್ಲಿ ಕೂತು ನುಡಿಸಿದಾಗ ತಂತಿಯ ಮೈ ನವಿರೆದ್ದಿತು. ಮನೆಯ ಮಂಚದ ಮೇಲೆ ಕೂತು ನುಡಿಸುವಾಗ ಅವನ ಎದೆಗೆ ಮಾತ್ರ ಗೊತ್ತಿದ್ದ ದನಿ ಈಗ ಗೋಡೆಯಿಂದ ಗೋಡೆಗೆ ತುಂಬಿತ್ತು. ಬೆರಳು ತಂತಿಯ ಮೇಲೆ ಸರಕ್ಕೆಂದು ಜಾರುವ ಸದ್ದೂ, ಕೊನೆಯ ಸ್ವರ ಮರದಲ್ಲಿ ಇಂಗಿಹೋಗುವುದೂ ಕೇಳುತ್ತಿತ್ತು. ಸಂಜೆ ದಾರಿಯಲ್ಲಿ ಅಕ್ಕ ಹೇಳಿದಳು, "ಇವತ್ತು ನಿನ್ನ ಗಿಟಾರೇ ಬಂದು ಬಾರಿಸ್ತು ಕಣೋ. ಒಳಗಿದ್ದೋಳು ಒಂದು ಗಳಿಗೆ ಗುಂಡಿ ಒತ್ತೋದನ್ನೇ ಮರೆತೆ."

ಅಷ್ಟು ಹೊಗಳಿಕೆ ಅವಳ ಬಾಯಿಂದ ಬಂದದ್ದು ಅದೊಂದೇ ಸಲ.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಒಂದು ಮಗುವನ್ನು ತಂದರು. ಗಾಡಿಯ ಮೇಲೆ ಮಗುವಿಗಿಂತ ಖಾಲಿ ಜಾಗವೇ ಹೆಚ್ಚಿತ್ತು. ತಂದೆ ಕಂಬದ ಹಾಗೆ ನಿಂತಿದ್ದ. ತಾಯಿಯನ್ನು ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರು. ತಂತಿ ಕಣ್ಣು ಕೆಳಗೆ ಹಾಕಿ ಆದಷ್ಟು ಮೆಲ್ಲಗೆ ನುಡಿಸುತ್ತಿದ್ದ. ಗಾಡಿ ಹಳಿಯ ಮೇಲೆ ಜಾರಿ ಪರದೆಯ ಒಳಗೆ ಹೋಯಿತು. ತಾಯಿ ಹಿಡಿದವರ ಕೈ ಕೊಸರಿಕೊಂಡು ಅದರ ಹಿಂದೆಯೇ ನುಗ್ಗಿದಳು. ಪರದೆಯ ಪಕ್ಕದಲ್ಲೇ ಕೂತಿದ್ದ ತಂತಿಯ ಕಾಲು ಎಡವಿ ಅವನ ಮಡಿಲಿಗೇ, ಗಿಟಾರಿನ ಮೇಲೆಯೇ ಬಿದ್ದಳು. ಎರಡೂ ಕೈಯಲ್ಲಿ ಗಿಟಾರನ್ನು ಅಪ್ಪಿ ಹಿಡಿದು, ಅದರ ಬಾಯಿಗೆ ಬಾಯಿ ಇಟ್ಟಂತೆ, "ಚಿನ್ನಾ" ಎಂದು ಕೂಗಿದಳು.

ಆ ಕೂಗು ಸಭಾಂಗಣದ ನಾಲ್ಕೂ ಮೂಲೆಯಿಂದ ಬಂತು. ಅಂಗಳದ ಸ್ಪೀಕರಿನಿಂದ, ಸರದಿಗಾಗಿ ಬೇರೆಯವರು ಕಾಯುತ್ತಿದ್ದ ಕೋಣೆಯಿಂದಲೂ ಬಂತು. ಬಂದದ್ದು ಮತ್ತೆ ಮೈಕಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು, ಸುತ್ತುತ್ತ ಸುತ್ತುತ್ತ ಮನುಷ್ಯರದ್ದೇ ಅಲ್ಲದ ಊಳಾಗಿ ಏರಿತು. ತಂತಿಗೆ ಸ್ವಿಚ್ಚು ಎಲ್ಲಿದೆ ಎಂದು ಗೊತ್ತಿದ್ದರೂ ಕೈ ಅಲ್ಲಿಗೆ ಹೋಗಲಿಲ್ಲ. ಕೊನೆಗೆ ಒಳಗಿನಿಂದ ಅಕ್ಕ ಓಡಿಬಂದು ಗಿಟಾರಿನ ವೈರನ್ನು ಕಿತ್ತು ಎಸೆದಳು.

ಊಳು ನಿಂತಿತು. ಅದರ ಜೊತೆಗೇ ತಾಯಿಯೂ ನಿಂತಳು. ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ತನ್ನ ಸುತ್ತ ಒಮ್ಮೆ ನೋಡಿದಳು, ಯಾರು ಕೂಗಿದ್ದು ಎಂದು ಹುಡುಕುವವಳ ಹಾಗೆ. ಹೆಂಗಸರು ಬಂದು ಎಬ್ಬಿಸಿಕೊಂಡು ಹೋದರು.

ಮರುದಿನ ತಂದೆ ಬೂದಿ ತೆಗೆದುಕೊಂಡು ಹೋಗಲು ಬಂದ. ಅಕ್ಕ ಮಡಕೆ ತರುವವರೆಗೆ ಅಂಗಳದ ಬೆಂಚಿನ ಮೇಲೆ, ತಂತಿಯ ಪಕ್ಕದಲ್ಲೇ ಕೂತ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ತಂತಿ ಎದೆ ಗಟ್ಟಿ ಮಾಡಿಕೊಂಡ.

"ಗಿಟಾರಿನೋರು ನೀವೇನಾ?"

"ಹೂಂ ಸಾರ್. ನಿನ್ನೆ ನನ್ನಿಂದ ತಪ್ಪಾಯ್ತು."

"ಮನೆಗೆ ಹೋದ ಮೇಲೂ ಅವಳು ಮಾತಾಡಿಲ್ಲ" ಎಂದ ಆ ಮನುಷ್ಯ, ತಂತಿಯ ಮಾತು ಕಿವಿಗೇ ಬೀಳದವನಂತೆ. "ಒಂದ್ಸಲ ಬಾಯಿ ತೆಗೆದಳು. ತನ್ನ ದನಿ ಕೇಳಿ ಬೆಚ್ಚಿಬಿದ್ದು ಬಾಯಿ ಮುಚ್ಕೊಂಡಳು."

ಮಡಕೆ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಆ ತಾಯಿ ಆಮೇಲೆ ಮಾತಾಡಿದಳೋ ಇಲ್ಲವೋ ತಂತಿಗೆ ಎಂದೂ ತಿಳಿಯಲಿಲ್ಲ.

ಅವತ್ತೇ ಅವನು ಮುದುಕನ ಅಂಗಡಿಗೆ ಹೋದ. "ತಂತಿ ಬಿಟ್ಟು ಬೇರೆ ಯಾವ್ದೂ ಕೇಳಿಸ್ಬಾರ್ದು. ಮೋಟಾರೂ ಬೇಡ, ಮನುಷ್ಯರೂ ಬೇಡ. ಅಂಥದ್ದು ಹಾಕಿಕೊಡಿ."

"ಅಂಥದ್ದಿದೆ. ಆದ್ರೆ ಮರ ಕೊರೀಬೇಕು. ದನಿಯೂ ನಿನಗೆ ಹಿಡಿಸಲ್ಲ."

"ಕೊರೀರಿ."

ತಂತಿಗಳು ಆತು ಕೂರುವ ಎಲುಬಿನ ಪಟ್ಟಿಯನ್ನು ಮುದುಕ ಹೊರತೆಗೆದು, ಅದರ ಅಡಿಯನ್ನು ಉಜ್ಜಿ ಸವೆಸಿ, ಕೆಳಗೆ ಒಂದು ತೆಳುವಾದ ಎಳೆ ಹಾಸಿದ. ತಂತಿಯ ಒತ್ತಡ ಅದರ ಮೇಲೆ ಬೀಳಬೇಕು. ಆ ಒತ್ತಡವನ್ನೇ ಅದು ಸ್ಪೀಕರಿಗೆ ಕಳಿಸಬೇಕು. ವೈರು ಇಳಿಸಲು ಮರಕ್ಕೆ ತೂತು ಕೊರೆದ. ಹೊಟ್ಟೆಯೊಳಗೆ ಬ್ಯಾಟರಿಯ ಡಬ್ಬಿ ಕೂತಿತು. ಮುದುಕ ಕೆಲಸ ಮುಗಿಸಿ ನುಡಿಸಿ ತೋರಿಸಿದಾಗ ದನಿ ಒಣಗಿದ ಪ್ಲಾಸ್ಟಿಕ್ಕಿನ ಹಾಗೆ ಟಕಟಕ ಎಂದಿತು. ಮೆಲ್ಲಗೆ ಮೀಟಿದರೂ ಯಾರೋ ಬೆರಳಲ್ಲಿ ಚಿಮ್ಮಿದ ಹಾಗೆ. ವೈರು ತೆಗೆದು ನುಡಿಸಿದರೆ ಗಿಟಾರಿನ ಸ್ವಂತ ದನಿಯೂ ಒಂದು ಕೂದಲೆಳೆಯಷ್ಟು ಮಂಕಾಗಿತ್ತು.

"ಇನ್ಮೇಲೆ ಈ ಮರ ಇದ್ರೂ ಒಂದೇ, ಹಲಗೆ ಇದ್ರೂ ಒಂದೇ" ಎಂದ ಮುದುಕ. ಅವನ ದನಿಯಲ್ಲಿ ದೂರು ಇರಲಿಲ್ಲ.

ಚಿತಾಗಾರಕ್ಕೆ ಅದೇ ಸರಿಹೋಯಿತು. ಮೋಟಾರು ಎಷ್ಟೇ ಗುಡುಗಲಿ, ಯಾರು ಎಷ್ಟೇ ಅಳಲಿ, ಸ್ಪೀಕರಿನಲ್ಲಿ ಗಿಟಾರಿನ ತಂತಿ ಬಿಟ್ಟು ಬೇರೆ ಸದ್ದಿಲ್ಲ. ಮ್ಯಾನೇಜರು ದನಿ ಏರಿಸುತ್ತ ಹೋದರು. ವರ್ಷಗಳು ಉರುಳಿದವು. ತಂತಿಯ ಬೆರಳುಗಳೂ ಆ ಪಿಕಪ್ಪಿಗೆ ತಕ್ಕ ಹಾಗೆ ಬದಲಾದವು. ಉಗುರಿಗೂ ಬೆರಳ ತುದಿಗೂ ಅದರಲ್ಲಿ ಅಂಥ ವ್ಯತ್ಯಾಸ ಕಾಣದೆ ಇದ್ದಾಗ ಬೇರೆ ಬೇರೆಯಾಗಿ ಮೀಟುವುದು ಯಾತಕ್ಕೆ? ಒಂದೇ ಸಮನೆ ಬಡಿದುಕೊಂಡು ಹೋಗುತ್ತಿದ್ದ. ಮೊದಮೊದಲು ಗಾಡಿಯ ಮೇಲಿನ ಮುಖ ನೋಡುತ್ತಿದ್ದವನು ಈಗ ನೋಡುತ್ತಿರಲಿಲ್ಲ. ಯಾರಾದರೂ ಪಕ್ಕದಲ್ಲಿ ಕುಸಿದು ಬಿದ್ದರೂ ಸ್ವರ ತಪ್ಪುತ್ತಿರಲಿಲ್ಲ.

"ನಿನ್ನ ಗಿಟಾರಿಗೆ ಹಿಡಿದ ನೆಗಡಿ ಬಿಡೋ ಹಾಗೇ ಕಾಣಲ್ಲ" ಎನ್ನುತ್ತಿದ್ದಳು ಅಕ್ಕ.

"ಅಲ್ಲಿಗೆ ಬರೋರಿಗೆ ಗಿಟಾರು ಕೇಳೋ ಪುರುಸೊತ್ತು ಎಲ್ಲಿದೆ?"

"ಮನೇಲಿ ನನಗಿದೆಯಲ್ಲ. ವೈರಿಲ್ದೆ ಒಂಚೂರು ಬಾರಿಸು. ಕಾಲು ನೀಡಿಕೊಂಡು ಕೇಳ್ತೀನಿ."

"ಬೆಳಗ್ಗಿಂದ ಅದನ್ನೇ ಮಾಡಿದ್ದೀನಿ ಅಕ್ಕಾ. ನಾಳೆ ನೋಡೋಣ."

ಆ ನಾಳೆ ಬರಲಿಲ್ಲ. ಅಕ್ಕನ ಹೊಟ್ಟೆನೋವು ಶುರುವಾದಾಗ ಇಬ್ಬರೂ ಅದನ್ನು ಹೊತ್ತಲ್ಲದ ಹೊತ್ತಿನ ಊಟದ ತಲೆಗೆ ಕಟ್ಟಿದರು. ಆಸ್ಪತ್ರೆಗೆ ತೋರಿಸುವಷ್ಟರಲ್ಲಿ ಕಾಲ ಮಿಂಚಿತ್ತು. ದೊಡ್ಡ ಕೈಯವಳು, ಕಬ್ಬಿಣದ ಬಾಗಿಲನ್ನು ಒಂದೇ ಏಟಿಗೆ ಎಳೆಯುತ್ತಿದ್ದವಳು, ಹಾಸಿಗೆಯ ಮೇಲೆ ದಿನದಿಂದ ದಿನಕ್ಕೆ ಕರಗುತ್ತ ಹೋದಳು. ಒಂದು ಮಧ್ಯಾಹ್ನ ಅವಳೇ ಮಾತು ತೆಗೆದಳು.

"ಮರಿ, ನನ್ನನ್ನ ಅಲ್ಲಿಗೇ ತಾನೇ ತಗೊಂಡು ಹೋಗೋದು?"

"ಅಕ್ಕಾ, ಸುಮ್ನಿರು."

"ಸುಮ್ನಿರೋ ಕಾಲ ಮುಂದೆ ಬೇಕಾದಷ್ಟಿದೆ, ಈಗ ಕೇಳು. ನೀನು ಅವತ್ತು ಬಾರಿಸ್ಬೇಡ. ರೆಕಾರ್ಡೂ ಹಾಕ್ಬೇಡಿ ಅನ್ನು. ಸಂಗೀತ ಬೇಕಾಗಿರೋದು ಆ ಮೋಟಾರಿಗೆ ಹೆದರೋರಿಗೆ. ಅದು ನನ್ನದೇ ಮೋಟಾರು. ನನಗೇನು ಹೆದರಿಕೆ?"

"ನನಗೆ ಹೆದರಿಕೆ" ಎಂದ ತಂತಿ. ಅವನ ಬಾಯಿಂದ ಅದು ತಾನಾಗಿಯೇ ಬಿದ್ದುಹೋಯಿತು.

ಅಕ್ಕ ಅವನ ಕೈ ಹಿಡಿದು, ತಂತಿ ಒತ್ತಿ ಒತ್ತಿ ಕಲ್ಲಾದ ಬೆರಳ ತುದಿಗಳನ್ನು ಒಂದೊಂದಾಗಿ ಸವರಿದಳು. ವಾರ ಕಳೆಯುವುದರೊಳಗೆ ತೀರಿಕೊಂಡಳು.

ಆ ದಿನ ಅವನು ಗಿಟಾರು ತರಲಿಲ್ಲ. ತಾನು ದಿನವೂ ಕೂರುತ್ತಿದ್ದ ಕುರ್ಚಿಯನ್ನು ದಾಟಿ ಮನೆಯವರು ನಿಲ್ಲುವ ಜಾಗದಲ್ಲಿ ಹೋಗಿ ನಿಂತ. ಮ್ಯಾನೇಜರು, ಗೇಟಿನಲ್ಲಿ ಹೂ ಮಾರುವವಳು, ಕಾವಲುಗಾರ ಹಿಂದೆ ನಿಂತರು. "ಏನಾದ್ರೂ ಮೆಲ್ಲಗೆ ಹಾಕ್ಲಾ?" ಎಂದು ಮ್ಯಾನೇಜರು ಕಿವಿಯಲ್ಲಿ ಕೇಳಿದರು. ಬೇಡವೆಂದು ತಲೆಯಾಡಿಸಿದ. ಗಾಡಿ ಪರದೆಯ ಒಳಗೆ ಹೋಯಿತು.

ಒಳಗೆ ಅಕ್ಕನ ಜಾಗದಲ್ಲಿ ಹೊಸಬನಿದ್ದ. ಬಾಗಿಲು ಕಿರುಗುಟ್ಟುವುದು ಕೇಳಿಸಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಆಮೇಲೆ ಧಡ್ ಧಡ್ ಎಂದು ಒದೆಯುವ ಸದ್ದು. "ಥೂ, ಇದರ!" ಎಂದು ಹೊಸಬ ಬೈದದ್ದೂ ಕೇಳಿತು. ಎಷ್ಟೋ ವರ್ಷ ಈ ಸಭಾಂಗಣದಲ್ಲಿ ಕೂತಿದ್ದರೂ ಪರದೆಯ ಆಚೆ ಕೆಲಸ ಮಾಡುವವರ ಸದ್ದು ತಂತಿಯ ಕಿವಿಗೆ ಬಿದ್ದದ್ದು ಇದೇ ಮೊದಲು. ಅವನು ಅಲ್ಲಿ ನಿಲ್ಲಲಾರದೆ ಹೋದ. ಪರದೆ ಸರಿಸಿ ಒಳಗೆ ನಡೆದ.

ಒಳಗೆ ಬಿಸಿ ಮುಖಕ್ಕೆ ರಾಚಿತು. ಕಬ್ಬಿಣದ ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಹೊಸಬನ ಮುಖ ಬೆವರಿನಲ್ಲಿ ತೊಯ್ದುಹೋಗಿತ್ತು. ವಯಸ್ಸಾದ ಮನುಷ್ಯ, ಬೇರೆ ಯಾವುದೋ ಕಾರ್ಖಾನೆಯಿಂದ ಬಂದವನು.

"ಅಣ್ಣಾ, ನೀವು ಒಳಗೆ ಬರಬಾರ್ದು."

"ನಿಮ್ಮೊಬ್ರಿಂದ ಆಗಲ್ಲ ಇದು. ನಾನು ಈ ಕಡೆ ಹಿಡೀತೀನಿ."

ಇಬ್ಬರೂ ಹೆಗಲು ಕೊಟ್ಟು ತಳ್ಳಿದರು. ಬಾಗಿಲು ಮುಚ್ಚುವ ಕೊನೆಯ ಗಳಿಗೆಯವರೆಗೂ ಅಕ್ಕನ ಪಾದಗಳು ಕಾಣುತ್ತಿದ್ದವು. ಅವನು ಕಣ್ಣು ಮುಚ್ಚಲಿಲ್ಲ. ಹೊಸಬ ಗುಂಡಿ ಒತ್ತಿದ. ಗುಟುರು, ಆಮೇಲೆ ಏರುವ ಹೂಂಕಾರ. ಕಾಲ ಕೆಳಗಿನ ನೆಲ ನಡುಗಿತು. ತಂತಿ ಗೋಡೆಗೆ ಒರಗಿ, ಆ ಶಬ್ದ ಏರಿ, ಸಮವಾಗಿ, ಕೊನೆಗೆ ಇಳಿದು ನಿಲ್ಲುವವರೆಗೆ ಅಲ್ಲೇ ಇದ್ದ. ಅಷ್ಟು ಹೊತ್ತಿನ ನಡುವೆ ಯಾವಾಗಲೋ ಅವನು ಜೋರಾಗಿ ಅತ್ತ. ಮೋಟಾರಿನ ಅಬ್ಬರದಲ್ಲಿ ಅದು ಪಕ್ಕದಲ್ಲಿದ್ದ ಹೊಸಬನಿಗೂ ಕೇಳಿಸಲಿಲ್ಲ.

ಕೆಲಸ ಬಿಡುತ್ತಾನೆ ಎಂದೇ ಎಲ್ಲರೂ ತಿಳಿದಿದ್ದರು. ಅವನು ಬಿಡಲಿಲ್ಲ, ಬೇರೆ ಕಡೆ ಹೋಗುವ ಮನಸ್ಸೂ ಇರಲಿಲ್ಲ. ಆದರೆ ಮುದುಕನ ಅಂಗಡಿಗೆ ಹೋಗಿ ಗಿಟಾರಿನ ಎಲುಬಿನ ಪಟ್ಟಿಯ ಕೆಳಗಿನ ಎಳೆಯನ್ನು ತೆಗೆಸಿ, ಹೊಸ ಪಟ್ಟಿ ಹಾಕಿಸಿದ. ಆ ಎಳೆಯ ಬದಲಿಗೆ ಗಿಟಾರಿನ ಒಳಮೈಗೆ, ತಂತಿಗಳ ಬುಡದ ಹಲಗೆಗೆ, ಗುಂಡಿಯಂಥ ಒಂದು ಬಿಲ್ಲೆಯನ್ನು ಅಂಟಿಸಿಕೊಡಲು ಹೇಳಿದ. ಅದು ಮರದ ನಡುಕವನ್ನು ಹಿಡಿಯುತ್ತದೆ. ಗಾಳಿಯಲ್ಲಿ ಬರುವ ಮಾತು, ಅಳು ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಆದರೆ ದನಿ ಏರಿಸಿದರೆ ಊಳಿಡುತ್ತದೆ, ಅಂಗಿಯ ಗುಂಡಿ ತಾಗಿದರೂ ಕೇಳುತ್ತದೆ.

"ಜೋರು ಮಾಡೋಕೆ ಆಗಲ್ಲ ಇದನ್ನ. ನಿಮ್ಮ ಮೋಟಾರು ಮುಚ್ಚಲ್ಲ" ಎಂದ ಮುದುಕ.

"ಮುಚ್ಚದೇ ಇದ್ರೂ ಪರವಾಗಿಲ್ಲ."

ಮ್ಯಾನೇಜರಿಗೆ ಅದು ಒಪ್ಪಿಗೆಯಾಗಲಿಲ್ಲ. ಮೋಟಾರು ಕೇಳಿಸುತ್ತದೆ ಎಂದು ಮನೆಯವರು ಕೆಲವರು ದೂರಿದರು. ಮತ್ತೆ ರೆಕಾರ್ಡು ಬಂತು, ಈ ಸಲ ಸಿಕ್ಕಿಕೊಳ್ಳದಂಥದ್ದು. ಯಾರಾದರೂ ಬಾಯಿಬಿಟ್ಟು ಗಿಟಾರೇ ಬೇಕು ಎಂದು ಕೇಳಿದರೆ ಮಾತ್ರ ತಂತಿಯನ್ನು ಕರೆಯುವುದು ಎಂದಾಯಿತು. ಉಳಿದ ಹೊತ್ತಿನಲ್ಲಿ ಅವನು ಒಳಗೆ ಹೋಗಿ ಹೊಸಬನಿಗೆ ಬಾಗಿಲು ಹಿಡಿಯುತ್ತಿದ್ದ, ಬೂದಿ ಎತ್ತುತ್ತಿದ್ದ. ಬೆರಳುಗಳು ಒರಟಾದವು. ಮನೆಗೆ ಬಂದು ವೈರಿಲ್ಲದೆ ನುಡಿಸಲು ಕೂತರೂ ಬಹಳ ಹೊತ್ತು ಆಗುತ್ತಿರಲಿಲ್ಲ. ಎದುರಿನ ಮಂಚ ಖಾಲಿ ಇರುತ್ತಿತ್ತು.

ಗಿಟಾರಿಗೆ ಕರೆ ಬಂದ ದಿನ ಅವನು ಮೊದಲು ಮನೆಯವರ ಹತ್ತಿರ ಹೋಗಿ ಹೇಳುತ್ತಿದ್ದ. ಒಮ್ಮೆ ಹೆಂಡತಿಯನ್ನು ಕಳೆದುಕೊಂಡ ವಯಸ್ಸಾದವರೊಬ್ಬರು ಬಂದಿದ್ದರು. ಜೊತೆಗೆ ಯಾರೂ ಇರಲಿಲ್ಲ.

"ಯಜಮಾನ್ರೇ, ಆ ಪರದೆ ಹಿಂದೆ ಒಂದು ಮೋಟಾರಿದೆ. ಶುರುವಾದಾಗ ಶಬ್ದ ಆಗುತ್ತೆ. ಗಿಟಾರು ಅದನ್ನ ಮುಚ್ಚಲ್ಲ. ಗಾಬರಿ ಆಗ್ಬೇಡಿ."

"ತುಂಬಾ ಹೊತ್ತು ಇರುತ್ತೇನಪ್ಪಾ?"

"ಇರುತ್ತೆ."

ಅವರು ಪರದೆಯ ಕಡೆ ನೋಡಿದರು. "ಹಾಗಾದ್ರೆ ಅದು ನಿಲ್ಲೋವರೆಗೂ ನೀನು ಎದ್ದು ಹೋಗ್ಬೇಡ" ಎಂದರು.

ತಂತಿ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡು ಕೂತ. ಒಳಗೆ ಹೊಸಬ ಗುಂಡಿ ಒತ್ತಿದ.